ಅಂತರ್ಜಾಲದ ಗ್ರಂಥಸಂಪಾದನೆಯಲ್ಲಿ ಚಿತ್ರದ ಸ್ಥಾನ

ಗ್ರಂಥಸಂಪಾದನೆಯ ಚರ್ಚೆಗಳಲ್ಲಿ ಪಾಠಾಂತರಗಳಿಗೆ ದೊರೆತ ಗಮನ ಚಿತ್ರಗಳಿಗೆ ದೊರೆತಿಲ್ಲ. ಚಿತ್ರವು ಮುದ್ರಕನಿಗೆ ಸಂಬಂಧಿಸಿದ್ದೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಕನ್ನಡ ವಿಕಿಸೋರ್ಸ್‌ನಂತಹ ವೇದಿಕೆಯಲ್ಲಿ ಹಳೆಯ ಪುಸ್ತಕವನ್ನು ಮರುರೂಪಿಸುವಾಗ ಈ ಹೊಣೆ ನೇರವಾಗಿ ಸಂಪಾದಕನ ಮೇಲೆಯೇ ಬೀಳುತ್ತದೆ.

ಇಲ್ಲಿ ಸ್ಕ್ಯಾನ್ ಮಾಡಿದ ಪುಟ ಒಂದು ಬದಿಗೂ ಅದರ ಪಠ್ಯ ಇನ್ನೊಂದು ಬದಿಗೂ ಇರುತ್ತದೆ. ಅಕ್ಷರಗಳನ್ನು ಗುರುತಿಸುವ ತಂತ್ರಾಂಶವು ಪಠ್ಯವನ್ನು ಎತ್ತಿಕೊಡುತ್ತದೆ. ಚಿತ್ರವನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಅದರ ಗೆರೆಗಳನ್ನೇ ಅಕ್ಷರಗಳೆಂದು ಭ್ರಮಿಸಿ ಅರ್ಥಹೀನ ಸಾಲುಗಳನ್ನು ಹುಟ್ಟಿಸುತ್ತದೆ. ಹೀಗಾಗಿ ಚಿತ್ರವನ್ನು ಪುಟದಿಂದ ಕತ್ತರಿಸಿ, 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಭಂಡಾರಕ್ಕೆ ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ. ಬಳಿಕ ಪಠ್ಯದಲ್ಲಿ ಜೋಡಿ ಚೌಕಾವರಣದೊಳಗೆ ‘ಚಿತ್ರ:’ ಎಂದು ಬರೆದು ಕಡತದ ಹೆಸರು, ಅಳತೆ, ಸ್ಥಾನ ಹಾಗೂ ಶೀರ್ಷಿಕೆಗಳನ್ನು ನಮೂದಿಸಬೇಕು. ಪುಟದೊಳಗೆ ಉಳಿಯುವುದು ಚಿತ್ರವಲ್ಲ, ಚಿತ್ರದ ಹೆಸರು ಮಾತ್ರ. ಭಂಡಾರದಿಂದ ಕಡತವನ್ನು ಅಳಿಸಿದರೆ ಪುಸ್ತಕದಲ್ಲಿಯೂ ಆ ಜಾಗ ಬರಿದಾಗುತ್ತದೆ. ಆದುದರಿಂದ ಗ್ರಂಥನಾಮ, ಸಂಪುಟ, ಪುಟಸಂಖ್ಯೆಗಳಿಲ್ಲದ ಬರಿಯ ‘ಸ್ಕ್ಯಾನ್ 17’ ಎಂಬಂತಹ ಹೆಸರು ಮುಂದಿನ ಸಂಪಾದಕನಿಗೆ ನಿರುಪಯುಕ್ತ.

ಶಾಸನಗ್ರಂಥಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರವಾದುದು. ಡಾ. ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ 1936ರ ವರದಿಯಲ್ಲಿ ಪ್ರಕಟಿಸಿದ ಹಲ್ಮಿಡಿ ಶಾಸನದ ಕೆಲವು ಪದಗಳ ಓದು ಮತ್ತು ಅದರ ಕಾಲ, ಇವೆರಡರ ಬಗೆಗೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಲಿಪ್ಯಂತರವೊಂದನ್ನೇ ಉಳಿಸಿ ಪಡಿಯಚ್ಚಿನ ಚಿತ್ರವನ್ನು ಕೈಬಿಟ್ಟರೆ ಓದುಗನಿಗೆ ತೀರ್ಪು ದೊರೆಯುತ್ತದೆಯೇ ಹೊರತು ಸಾಕ್ಷ್ಯ ದೊರೆಯುವುದಿಲ್ಲ. ಚಿತ್ರವನ್ನು ‘ಸ್ವಚ್ಛಗೊಳಿಸುವ’ ಉತ್ಸಾಹವೂ ಅಪಾಯಕಾರಿಯೇ. ಕಪ್ಪು-ಬಿಳುಪಿನ ಅಂತರವನ್ನು ಅತಿಯಾಗಿ ಹೆಚ್ಚಿಸಿದಾಗ ಮಸುಕಾದ ಅನುಸ್ವಾರವೊಂದು ಮಾಯವಾಗಬಹುದು; ಕಲ್ಲಿನ ಕುಳಿಯೊಂದು ಅನುಸ್ವಾರವಾಗಿ ಮೆರೆಯಲೂಬಹುದು. ಜೆಪೆಗ್ ರೂಪದ ಸಂಕೋಚನೆಯು ಸೂಕ್ಷ್ಮರೇಖೆಗಳ ಅಂಚನ್ನು ಕದಡುವುದರಿಂದ ತಿದ್ದದ ಮೂಲಪ್ರತಿಯನ್ನು ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ಜೊತೆಗಿರಿಸುವುದು ಉಚಿತ.

ಹಕ್ಕುಸ್ವಾಮ್ಯದ ಸಂಗತಿಯನ್ನು ಹಲವರು ಕಡೆಗಣಿಸುತ್ತಾರೆ. ಲೇಖಕನ ಹಕ್ಕು ಬೇರೆ, ಚಿತ್ರಕಾರನ ಹಕ್ಕು ಬೇರೆ. 1957ರ ಭಾರತೀಯ ಕಾಯ್ದೆಯಂತೆ, ಹಕ್ಕು ಕರ್ತೃವಿನ ಮರಣಾನಂತರದ ವರ್ಷದಿಂದ 60 ವರ್ಷ ಇರುತ್ತದೆ. 1950ರಲ್ಲಿ ನಿಧನರಾದ ಲೇಖಕರ ಬರೆಹವು 2011ರಲ್ಲಿ ಮುಕ್ತವಾಗಿದ್ದರೂ ಅದೇ ಪುಸ್ತಕಕ್ಕೆ ಚಿತ್ರ ಬರೆದು 1980ರಲ್ಲಿ ತೀರಿಕೊಂಡವರ ರೇಖೆಗಳು ಸಾಮಾನ್ಯವಾಗಿ 2041ರವರೆಗೆ ಮುಕ್ತವಾಗುವುದಿಲ್ಲ. ಛಾಯಾಚಿತ್ರಗಳಿಗಿದ್ದ, ಪ್ರಕಟಣೆಯಿಂದ 60 ವರ್ಷವೆಂಬ ಪ್ರತ್ಯೇಕ ನಿಯಮವನ್ನು 2012ರ ತಿದ್ದುಪಡಿ ತೆಗೆದುಹಾಕಿತು. ಅನುಮತಿ ದೊರೆಯದ ಕಡೆ ಚಿತ್ರದ ಜಾಗವನ್ನು ಗುರುತಿಸಿ, ಅಲ್ಲಿ ಏನಿತ್ತೆಂಬುದನ್ನು ಟಿಪ್ಪಣಿಯಾಗಿ ಕೊಡುವುದೇ ಪ್ರಾಮಾಣಿಕ ಕ್ರಮ. ಬೇರೊಂದು ಚಿತ್ರವನ್ನು ತಂದಿಡುವುದು ಪ್ರಕ್ಷೇಪವೆನಿಸುತ್ತದೆ.

‘ಎದುರು ಪುಟದ ಚಿತ್ರ ನೋಡಿ’ ಎಂಬ ಮೂಲದ ಮಾತು ಪರದೆಯ ಮೇಲೆ ಅರ್ಥ ಕಳೆದುಕೊಳ್ಳುತ್ತದೆ, ಏಕೆಂದರೆ ಹರಿಯುವ ಪಠ್ಯಕ್ಕೆ ಎದುರು ಪುಟವೆಂಬುದಿಲ್ಲ. ಆ ಮಾತನ್ನು ತಿದ್ದದೆ, ಅದರಿಂದ ಚಿತ್ರಕ್ಕೆ ಕೊಂಡಿ ಒದಗಿಸಿದರೆ ಸಾಕು. ಚಿತ್ರಕ್ಕೆ ಕನ್ನಡದಲ್ಲಿ ಪರ್ಯಾಯ ವಿವರಣೆಯನ್ನೂ ಬರೆಯಬೇಕು; ಪರದೆಯನ್ನು ಓದಿಹೇಳುವ ತಂತ್ರಾಂಶ ಬಳಸುವ ಅಂಧ ಓದುಗರನ್ನು ಆ ಚಿತ್ರ ತಲಪುವುದು ಈ ಒಂದೆರಡು ವಾಕ್ಯಗಳ ಮೂಲಕವೇ.