ನಂದಲಾಲ ಬೋಸರು ಕಲಿಸಿದ ನೋಟ

ಒಳ್ಳೆಯ ಗುರುವನ್ನು ಗುರುತಿಸುವ ಬಗೆ ಯಾವುದು? ಶಿಷ್ಯನ ಹಾಡಿನಲ್ಲಿ, ಬರವಣಿಗೆಯಲ್ಲಿ, ಚಿತ್ರದಲ್ಲಿ ಗುರುವಿನ ಛಾಯೆ ಕಂಡರೆ, ‘ಇಂಥವರ ಗರಡಿಯಲ್ಲಿ ಪಳಗಿದವನು’ ಎಂದು ನಾವು ತಲೆದೂಗುತ್ತೇವೆ. ಆ ಅಳತೆಗೋಲು ಸರಿಯೇ? ನಾನು ಚಿತ್ರಕಾರನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಅಧ್ಯಾಪಕರೆಲ್ಲರನ್ನೂ ಕಾಡುವ ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಒಬ್ಬ ಚಿತ್ರಕಲಾ ಗುರುವಿನ ಬಾಳಿನಲ್ಲಿ. ಅವರು ಶಾಂತಿನಿಕೇತನದ ನಂದಲಾಲ ಬೋಸರು.

ನಂದಲಾಲರು ಹುಟ್ಟಿದ್ದು 1882ರಲ್ಲಿ, ಬಿಹಾರದ ಖರಗಪುರದಲ್ಲಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಅದೇ ಗುರುವಿನ ಬಳಿ ಅವರ ಸಹಪಾಠಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ರಚಿಸಿದ ಪುರಾಣಕಥೆಗಳ ಇಂಗ್ಲಿಷ್ ಗ್ರಂಥ 1913ರಲ್ಲಿ ಪ್ರಕಟವಾದಾಗ ಅದರಲ್ಲಿ ಈ ಇಬ್ಬರ ಚಿತ್ರಗಳೂ ಇದ್ದವು. ಮುಂದೆ ವೆಂಕಟಪ್ಪನವರ ಕುಂಚ ಉದಕಮಂಡಲದ ಬೆಟ್ಟ, ಮಂಜುಗಳಿಗೆ ಒಲಿಯಿತು. ನಂದಲಾಲರದು ಹಳ್ಳಿಯ ಜನಜೀವನಕ್ಕೆ. ಒಂದೇ ದೀಪದಿಂದ ಹೊತ್ತಿಸಿದ ಎರಡು ಹಣತೆಗಳು ಬೇರೆ ಬೇರೆ ಮನೆಗಳನ್ನು ಬೆಳಗಿದವು.

ರವೀಂದ್ರನಾಥರು 1919ರಲ್ಲಿ ಸ್ಥಾಪಿಸಿದ ಕಲಾಭವನದ ಹೊಣೆಯನ್ನು ಹೊತ್ತ ನಂದಲಾಲರು 1951ರವರೆಗೆ ಅಲ್ಲಿ ಕಲಿಸಿದರು. ಶಿಷ್ಯರ ಬಾಯಲ್ಲಿ ಅವರು ‘ಮಾಸ್ಟರ್ ಮಶಾಯ್’. ಗಿಡ, ಮರ, ದನ, ಹೊಲದ ಕೆಲಸಗಾರರು, ಇವೇ ಅಲ್ಲಿನ ಪಠ್ಯ. ಮರವನ್ನು ಬರೆಯುವಾಗ ರೇಖೆಯನ್ನು ಬುಡದಿಂದ ಮೇಲಕ್ಕೆ ಎಳೆಯಬೇಕು, ಮರ ಬೆಳೆಯುವುದು ಹಾಗೆಯೇ ಅಲ್ಲವೇ ಎಂದು ಅವರು ಹೇಳಿಕೊಟ್ಟದ್ದನ್ನು ಸತ್ಯಜಿತ್ ರಾಯ್ ಬಹುಕಾಲದ ಮೇಲೂ ಸ್ಮರಿಸಿದ್ದಾರೆ. ಇದು ಬರಿಯ ಕೈಚಳಕದ ಪಾಠವಲ್ಲ. ಮರದ ಹೊರಗಿನ ಆಕಾರವನ್ನು ನಕಲು ಮಾಡುವ ಬದಲು ಅದರ ಬೆಳವಣಿಗೆಯನ್ನೇ ಕೈ ಅನುಸರಿಸಬೇಕೆಂಬ ನೋಟದ ಪಾಠ.

ಈಗ ಶಿಷ್ಯರನ್ನು ನೋಡೋಣ. ಬಾಂಕುಡಾದ ಬಡ ಕ್ಷೌರಿಕ ಕುಟುಂಬದಿಂದ ಬಂದ ರಾಮಕಿಂಕರ ಬೈಜರು ಸಿಮೆಂಟು ಮತ್ತು ಜಂಬಿಟ್ಟಿಗೆಯ ಹರಳುಗಳಿಂದ 1938ರಲ್ಲಿ ಸಂತಾಲ ಕುಟುಂಬದ ಮಹಾಶಿಲ್ಪವನ್ನು ನಿರ್ಮಿಸಿದರು. ಹುಟ್ಟಿನಿಂದಲೇ ಮಂದದೃಷ್ಟಿಯವರಾದ ವಿನೋದಬಿಹಾರಿ ಮುಖರ್ಜಿಯವರು ಹಿಂದೀಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬದುಕನ್ನು ಚಿತ್ರಿಸಿದರು. ಐವತ್ತು ದಾಟಿದ ಮೇಲೆ ಪೂರ್ಣ ಕುರುಡರಾದರೂ ಕಲೆಯನ್ನು ಬಿಡಲಿಲ್ಲ. 1972ರಲ್ಲಿ ಅವರನ್ನು ಕುರಿತು ಸಾಕ್ಷ್ಯಚಿತ್ರ ತೆಗೆದವರು ಇದೇ ಸತ್ಯಜಿತ್ ರಾಯ್. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡು 1944ರಲ್ಲಿ ಶಾಂತಿನಿಕೇತನಕ್ಕೆ ಬಂದ ಕೆ.ಜಿ. ಸುಬ್ರಹ್ಮಣ್ಯನ್ ಅವರು ಮುಂದೆ ಬರೋಡೆಯಲ್ಲಿ ಸ್ವತಃ ಗುರುವಾದರು. ಈ ನಾಲ್ವರಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ; ಯಾರೂ ನಂದಲಾಲರ ಪಡಿಯಚ್ಚಲ್ಲ.

ಹಾಗೆಂದು ಅಲ್ಲಿ ಶಿಸ್ತು ಇರಲಿಲ್ಲವೆಂದು ಭಾವಿಸಬಾರದು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಗಾಂಧೀಜಿಯವರ ಕೋರಿಕೆಯಂತೆ ನಂದಲಾಲರು ಹಳ್ಳಿಯ ಕಸಬುದಾರರ ಚಿತ್ರಗಳನ್ನು ರಚಿಸಿದಾಗ, ಅವುಗಳ ಪ್ರತಿಗಳನ್ನು ತೆಗೆದವರು ಶಿಷ್ಯರು. ನಮ್ಮ ಸಂವಿಧಾನದ ಮೂಲ ಹಸ್ತಪ್ರತಿಯ ಅಲಂಕರಣವೂ ಗುರು ಶಿಷ್ಯರು ಕೂಡಿ ಮಾಡಿದ ಕೆಲಸ. ಅದರ ಪ್ರಸ್ತಾವನೆಯ ಪುಟವನ್ನು ಸಿಂಗರಿಸಿದವರು ಶಿಷ್ಯರಾದ ಬೇವಹಾರ್ ರಾಮಮನೋಹರ ಸಿನ್ಹಾ. ಆ ಪುಟದಲ್ಲಿರುವ ಸಹಿಯೂ ಅವರದೇ. ದೇಶದ ಅತ್ಯಂತ ಗೌರವಾರ್ಹ ಪುಟವನ್ನು ಶಿಷ್ಯನ ಕೈಗೆ ಒಪ್ಪಿಸುವ ಧೈರ್ಯ ಎಷ್ಟು ಮಂದಿ ಗುರುಗಳಿಗಿದ್ದೀತು?

ನಂದಲಾಲರು 1966ರಲ್ಲಿ ತೀರಿಕೊಂಡರು. ಅನುಕರಿಸುವ ಶಿಷ್ಯರನ್ನು ಪಡೆದ ಗುರುವಿನ ಪ್ರಭಾವ ಆ ಅನುಕರಣೆ ಹಳತಾದೊಡನೆ ಮುಗಿಯುತ್ತದೆ. ನೋಡಲು ಕಲಿಸಿದವನ ಪ್ರಭಾವ ಹಾಗಲ್ಲ. ಅದು ಶಿಷ್ಯರಲ್ಲಿ ಹೆಸರಿಲ್ಲದೆ ಬೆರೆತು, ಅವರ ಶಿಷ್ಯರಿಗೂ ಸಲ್ಲುತ್ತದೆ. ತರಗತಿಯಲ್ಲಿ ತನ್ನಂತೆ ಬರೆಯುವ ಹುಡುಗನನ್ನು ಮೆಚ್ಚಿಕೊಳ್ಳುವುದು ನಮ್ಮಂಥ ಅಧ್ಯಾಪಕರಿಗೆ ಸುಲಭ. ತನ್ನಂತೆ ಬರೆಯದವನಿಗೂ ಮನಸಾರೆ ಹಾದಿ ಬಿಟ್ಟುಕೊಡುವುದೇ ನಿಜವಾದ ಗುರುತನ.