ಸೇತುವೆ ಕೆಳಗೆ ಸಿಕ್ಕಿಕೊಂಡ ಫೋಟೋ

ಗೆಳೆಯರೇ, ಪಾಂಡವಪುರದ ಕಡೆ ಕಬ್ಬಿನ ಗಾಡಿ ನೋಡಿದ್ದೀರಲ್ಲ? ಹೊರೆ ಎತ್ತರವಾದರೆ ತಗ್ಗು ಸೇತುವೆ ಕೆಳಗೆ ಸಿಕ್ಕಿಕೊಳ್ಳುತ್ತೆ. ಇಂಟರ್‌ನೆಟ್ಟಿನಲ್ಲೂ ಹೀಗೇ. ನಾವು ಕಳಿಸುವ ಫೋಟೋ ಇಡಿಯಾಗಿ ಹೋಗುವುದಿಲ್ಲ, ಪ್ಯಾಕೆಟ್ಟುಗಳಾಗಿ ಹೋಗುತ್ತದೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್ 1500 ಬೈಟ್ ವರೆಗೆ ಇರುತ್ತದೆ. ಈ ಮಿತಿಗೆ ‘ಎಂಟಿಯು’ ಎನ್ನುತ್ತಾರೆ.

ಅಕ್ಕನ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೆ.ಆರ್.ಪೇಟೆಯ ಮಾವನ ಮನೆಗೆ ಹೋಗಿದ್ದೆವು. ಹೆಸರು, ಊರು ಎಲ್ಲಾ ಹೋಯ್ತು. ಫೋಟೋ ಮಾತ್ರ ಹೋಗಲೇ ಇಲ್ಲ. ನಾಳೆಯೇ ಕೊನೇ ದಿನ! ಅಕ್ಕ ಅಳೋಕೆ ಶುರು ಮಾಡಿದಳು.

ಮಾವ ಕಂಪ್ಯೂಟರಿನಲ್ಲಿ ‘ಪಿಂಗ್’ ಕೊಟ್ಟು, ದಾರೀಲಿ ಒಡೆಯಬಾರದು ಅಂತ ಸೂಚಿಸಿ 1472 ಬೈಟ್ ಕಳಿಸಿದರು. ಹೋಗಲಿಲ್ಲ. ಕಮ್ಮಿ ಮಾಡುತ್ತಾ ಬಂದರು. 1464ಕ್ಕೆ ಉತ್ತರ ಬಂತು! ವಿಳಾಸ ಮುಂತಾದವಕ್ಕೆ 28 ಬೈಟ್ ಕೂಡಿಸಿದರೆ 1492. ಉಳಿದ 8 ಬೈಟನ್ನು ಆ ಲೈನಿನ ‘ಪಿಪಿಪಿಓಇ’ ಪದ್ಧತಿ ತಗೊಳ್ಳುತ್ತದಂತೆ. ರೂಟರಿನಲ್ಲಿ 1500 ಇದ್ದದ್ದನ್ನು 1492 ಮಾಡಿದರು. ಫೋಟೋ ಹೋಯ್ತು!

‘ಹೊರೆ ಜಾಸ್ತಿ’ ಅಂತ ದಾರಿಯ ರೂಟರ್ ಹಿಂದಕ್ಕೆ ಸುದ್ದಿ ಕಳಿಸುತ್ತದೆ. ಆ ಸುದ್ದಿಯನ್ನೇ ಯಾರಾದರೂ ತಡೆದರೆ ನಮಗೆ ಕಾರಣ ತಿಳಿಯೋದಿಲ್ಲ. ಆದ್ದರಿಂದ ಸಣ್ಣದು ಹೋಗಿ ದೊಡ್ಡದು ನಿಂತರೆ ಅಳಬೇಡಿ, ಅಳತೆ ನೋಡಿ.

– 7ನೇ ತರಗತಿ