ಫ್ರೆಂಚ್ ನಾಡಿನಲ್ಲಿ ಮಿಷನರಿಗಳು: ನಿಮಗಿದು ಗೊತ್ತೇ?

ಫ್ರೆಂಚ್ ಆಡಳಿತ, ಫ್ರೆಂಚ್ ಮಾತು ಇದ್ದ ಕಡೆ ಸುವಾರ್ತೆ ಸಾರಲು ಹೋದವರಿಗೆ ಬೈಬಲ್ ಜ್ಞಾನವೊಂದೇ ಸಾಲುತ್ತಿರಲಿಲ್ಲ. ಭಾಷೆ ಕಲಿಯಬೇಕು, ಸರ್ಕಾರದ ಮರ್ಜಿಯನ್ನೂ ಕಾಯಬೇಕು!

● ಇಂಗ್ಲೆಂಡಿನ ಪಾದ್ರಿ ರಾಬರ್ಟ್ ಮೆಕಾಲ್ 1871ರಲ್ಲಿ ಪ್ಯಾರಿಸ್‌ಗೆ ಹೋದಾಗ ಅವರಿಗೆ ಬರುತ್ತಿದ್ದ ಫ್ರೆಂಚ್ ಎರಡೇ ವಾಕ್ಯ ಎನ್ನುತ್ತಾರೆ. ಒಂದು ದೇವರ ಪ್ರೀತಿಯದು, ಇನ್ನೊಂದು ತಮ್ಮ ಪ್ರೀತಿಯದು. ಆದರೂ ಮರುವರ್ಷವೇ ಅಲ್ಲಿನ ಬೆಲ್‌ವಿಲ್ ಬಡಾವಣೆಯ ಕಾರ್ಮಿಕರ ನಡುವೆ ಸಭೆ ನಡೆಸತೊಡಗಿದರು.

● ಸಾಲ್ವೇಶನ್ ಆರ್ಮಿ ಕಟ್ಟಿದ ಬೂತ್ ದಂಪತಿಯ ಮಗಳು ಕೇಟ್ 1881ರಲ್ಲಿ ಪ್ಯಾರಿಸ್‌ಗೆ ಬಂದಾಗ ವಯಸ್ಸು ಬರೀ 22. ಜನ ಆಕೆಯನ್ನು 'ಲಾ ಮಾರೆಶಾಲ್' (ಮಹಿಳಾ ಸೇನಾಧಿಪತಿ) ಎಂದೇ ಕರೆದರು. ಫ್ರೆಂಚ್ ಮಾತಾಡುವ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ 1883ರಲ್ಲಿ ಸಭೆ ನಡೆಸಿದ್ದಕ್ಕೆ ಜೈಲೂ ಕಂಡರು. ಕೊನೆಗೆ ಕೋರ್ಟು ಬಿಡುಗಡೆ ಮಾಡಿತು.

● ಗ್ಯಾಬೊನ್‌ನಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ನರು ಬೀಡುಬಿಟ್ಟಿದ್ದರು. ಶಾಲೆಯಲ್ಲಿ ಫ್ರೆಂಚಿನಲ್ಲೇ ಕಲಿಸಬೇಕೆಂದು ಸರ್ಕಾರ ಪಟ್ಟುಹಿಡಿಯಿತು. ಅದು ತಮ್ಮಿಂದಾಗದೆ ಅವರು 1892ರಲ್ಲಿ ಒಗೊವೆ ನದಿಯ ತಮ್ಮ ಕೇಂದ್ರಗಳನ್ನು ಫ್ರೆಂಚ್ ಪ್ರೊಟೆಸ್ಟಂಟರ ಪ್ಯಾರಿಸ್ ಮಿಷನ್‌ಗೆ ಒಪ್ಪಿಸಿದರು.

● ಅದೇ ಗ್ಯಾಬೊನ್‌ನ ಲಂಬರೆನೆಗೆ 1913ರಲ್ಲಿ ಬಂದವರು ವೈದ್ಯ ಆಲ್ಬರ್ಟ್ ಶ್ವೈಟ್ಜರ್. ಅವರ ಧರ್ಮಚಿಂತನೆ ಪ್ಯಾರಿಸ್ ಮಿಷನ್‌ಗೆ ಹಿಡಿಸಿರಲಿಲ್ಲ. 'ವೈದ್ಯ ಮಾತ್ರ ಆಗಿರುತ್ತೇನೆ, ಉಪದೇಶಕ್ಕೆ ಬಾಯಿ ತೆರೆಯುವುದಿಲ್ಲ' ಎಂದು ಮಾತು ಕೊಟ್ಟ ಮೇಲೆಯೇ ಅನುಮತಿ! ಅಲ್ಲಿದ್ದ ಮಿಷನರಿಗಳು ಮಾತ್ರ ಬೇಗನೆ ಆ ಮಾತಿನಿಂದ ಅವರನ್ನು ಬಿಡಿಸಿದರು.

● ಶ್ವೈಟ್ಜರ್ ಮೊದಲು ರೋಗಿಗಳನ್ನು ನೋಡಿದ್ದು ಹಳೆಯ ಕೋಳಿಗೂಡಿನಲ್ಲಿ. ಆರ್ಗನ್ ವಾದಕರೂ ಆಗಿದ್ದ ಅವರಿಗೆ ಪ್ಯಾರಿಸ್‌ನ ಬಾಖ್ ಸಂಘ ಕೊಟ್ಟ ಪಿಯಾನೊ ಕೂಡ ಜೊತೆಗೆ ಬಂದಿತ್ತು. ಅಲ್ಲಿನ ತೇವಕ್ಕೆ ಹಾಳಾಗದಿರಲೆಂದು ಅದಕ್ಕೆ ಸತುವಿನ ಹೊದಿಕೆ. ಕಾಲಿನಿಂದ ನುಡಿಸಲು ಆರ್ಗನ್ನಿನ ಪೆಡಲುಗಳು. ಮಹಾಯುದ್ಧ ಶುರುವಾದಾಗ ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಫ್ರೆಂಚರು ಅವರನ್ನೇ ಕಾವಲಿನಲ್ಲಿಟ್ಟರು!

● 1913ರಲ್ಲೇ ಲೈಬೀರಿಯಾದ ವಿಲಿಯಂ ವಾಡೆ ಹ್ಯಾರಿಸ್ ಬಿಳಿ ನಿಲುವಂಗಿ ತೊಟ್ಟು, ಬಿದಿರಿನ ಶಿಲುಬೆ ಹಿಡಿದು ಐವರಿ ಕೋಸ್ಟ್ ಹೊಕ್ಕರು. ದೀಕ್ಷಾಸ್ನಾನ ಪಡೆದವರು ಲಕ್ಷ ದಾಟಿದರೆಂದು ಅಂದಾಜು. ಗಾಬರಿಗೊಂಡ ಫ್ರೆಂಚ್ ಅಧಿಕಾರಿಗಳು ಅವರನ್ನು ಗಡಿಪಾರು ಮಾಡಿದರು. 1924ರಲ್ಲಿ ಮೆಥಡಿಸ್ಟರು ಬಂದು ನೋಡಿದರೆ, ಹ್ಯಾರಿಸರ ಹಿಂಬಾಲಕರು ಬೈಬಲ್ ಕಲಿಸುವವರಿಗಾಗಿ ಇನ್ನೂ ಕಾಯುತ್ತಿದ್ದರು.

● ಬೆಲ್ಜಿಯನ್ ಕಾಂಗೋಗೆ ಹೊರಟ ಇಂಗ್ಲಿಷ್, ಅಮೆರಿಕನ್ ವೈದ್ಯ ಮಿಷನರಿಗಳು ಮೊದಲು ಬೆಲ್ಜಿಯಂನಲ್ಲಿ ಇಳಿಯುತ್ತಿದ್ದರು. ಅಲ್ಲಿ ಫ್ರೆಂಚ್ ಪಾಠ, ಉಷ್ಣವಲಯದ ರೋಗಗಳ ಕೋರ್ಸು. ಇವೆಲ್ಲ ಮುಗಿಸಿದ ಮೇಲೆಯೇ ಕಾಂಗೋ.

● ಮಾರಿಷಸ್‌ಗೆ 1841ರಲ್ಲಿ ಬಂದ ಫಾದರ್ ಜಾಕ್ ಲವಾಲ್ ಮೊದಲು ಫ್ರಾನ್ಸಿನಲ್ಲಿ ವೈದ್ಯರು. ಬಿಡುಗಡೆಯಾದ ಗುಲಾಮರ ನಡುವೆ ಕೆಲಸ ಮಾಡಲು ಅವರು ಕಲಿತದ್ದು ಕ್ರಿಯೋಲ್. ಪ್ರತಿ ಸೆಪ್ಟೆಂಬರ್‌ನಲ್ಲಿ ಅವರ ಸಮಾಧಿಗೆ ಹಿಂದೂ, ಮುಸ್ಲಿಮರೂ ಬಂದು ಕೈಮುಗಿಯುತ್ತಾರೆ.

● ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಮಿಟ್ ರೋಮ್ನಿ 1966ರಿಂದ 68ರವರೆಗೆ ಫ್ರಾನ್ಸಿನಲ್ಲಿ ಮಾರ್ಮನ್ ಮಿಷನರಿ. ಮನೆ ಮನೆ ಕದ ತಟ್ಟುವ ಕೆಲಸ. ಅವರ ಧರ್ಮದಲ್ಲಿ ಮದ್ಯ, ಕಾಫಿ ಎರಡೂ ನಿಷಿದ್ಧ. ಸೇವೆಯೋ ವೈನ್ ನಾಡಿನಲ್ಲಿ!

● ಈಗ ಗಾಳಿ ತಿರುಗಿದೆ. ಪಾದ್ರಿಗಳ ಕೊರತೆಯಿರುವ ಫ್ರಾನ್ಸಿನ ಹಳ್ಳಿಗಳ ಚರ್ಚುಗಳಲ್ಲಿ ಪೂಜೆ ಅರ್ಪಿಸುವವರು ಎಷ್ಟೋ ಕಡೆ ಆಫ್ರಿಕದ ಪಾದ್ರಿಗಳು. ಚರ್ಚು, ಸರ್ಕಾರಗಳನ್ನು ಬೇರ್ಪಡಿಸಿದ 1905ರ ಕಾನೂನಿನಂತೆ ಅವರಿಗೆ ಸರ್ಕಾರದ ಸಂಬಳವಿಲ್ಲ. ಆದರೆ ಅಲ್ಸೇಸ್, ಮೊಸೆಲ್‌ಗಳಲ್ಲಿ ಪಾದ್ರಿಗಳಿಗೆ ಇಂದಿಗೂ ಸರ್ಕಾರದ್ದೇ ಸಂಬಳ. ಆ ಕಾನೂನು ಬಂದಾಗ ಆ ಸೀಮೆ ಜರ್ಮನಿಯ ಕೈಯಲ್ಲಿತ್ತು!